ಫೋಟೋದವನ ಒಣಗಣ್ಣು

ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರೊಳಗೆ ಇಪ್ಪತ್ತೈದು ವರ್ಷದಿಂದ ನನ್ನ ಕ್ಯಾಮೆರಾ ಇಲ್ಲದೆ ಒಂದೇ ಒಂದು ತಾಳಿ ಕಟ್ಟಿಲ್ಲ. ನಾನು ‘ರೆಡಿ’ ಅನ್ನುವ ತನಕ ಮುಹೂರ್ತವೇ ಬಾಗಿಲಲ್ಲಿ ನಿಂತು ಕಾಯುತ್ತಿತ್ತು.

ಇದು ಸುಳ್ಳು. ನರಗುಂದದವರು ನನ್ನನ್ನು ಕರೆದದ್ದು ಮೂರೇ ಸಲ. ಅದರಲ್ಲೂ ಒಂದು ಸಲ ಅವರು ಕರೆದದ್ದು ಬೇರೆ ಫೋಟೋಗ್ರಾಫರನನ್ನು. ನಾನು ತಪ್ಪಿ ಅವರ ಕಲ್ಯಾಣ ಮಂಟಪಕ್ಕೆ ಹೋಗಿ, ಊಟ ಮಾಡಿ, ಕೈ ತೊಳೆಯುವಾಗ ಸಿಕ್ಕಿಬಿದ್ದೆ. ಆದರೆ ಈಗ ಹೇಳುವ ಕಣ್ಣಿನ ಕಥೆ ಮಾತ್ರ ಖರೇ. ಮುಕ್ಕಾಲು ಪಾಲು ಖರೇ. ಹೊಲದೊಳಗೆ ಅಡ್ಡಾಡಿದರೆ ಧೋತರಕ್ಕೆ ಉತ್ತರಾಣಿ ಕಾಳು ಅಂಟುತ್ತದಲ್ಲ, ಹಾಗೆ ಇಂಥ ಪ್ರಸಂಗಗಳು ನನಗೆ ಅಂಟುತ್ತಲೇ ಇರುತ್ತವೆ. ನಾನು ಸುಮ್ಮನೆ ಅಡ್ಡಾಡುತ್ತಿರುತ್ತೇನೆ, ಅಷ್ಟೇ.

೧. ಹಡೆದವ್ವನಿಗಿಂತ ಹೆಚ್ಚು ಅತ್ತವನು

ರೋಣದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಲಗ್ನದ ದಿನ ಫೋಟೋ ಹೊಡೆಯುವುದು, ಉಳಿದ ದಿನ ಕಂಪ್ಯೂಟರ್ ಮುಂದೆ ಕೂತು ಆ ಲಗ್ನದ ವಿಡಿಯೋ ಕತ್ತರಿಸಿ ಜೋಡಿಸುವುದು. ಕೂತೆನೆಂದರೆ ಊಟ ಮರೆಯುತ್ತೇನೆ, ಹೆಂಡತಿ ಕರೆದದ್ದು ಮರೆಯುತ್ತೇನೆ, ಕಣ್ಣು ಮಿಟುಕಿಸುವುದನ್ನೂ ಮರೆಯುತ್ತೇನೆ. ಮೊದಲಿನ ಎರಡಕ್ಕೆ ಶಿಕ್ಷೆ ಆಗಲೇ ಸಿಗುತ್ತಿತ್ತು. ಮೂರನೆಯದಕ್ಕೆ ಹೋದ ವರ್ಷ ಸಿಕ್ಕಿತು. ಕಣ್ಣಲ್ಲಿ ಉಸುಕು ಬಿದ್ದ ಹಾಗೆ ಚುಚ್ಚುವುದು, ಮೆಣಸಿನಕಾಯಿ ಮುಟ್ಟಿದ ಕೈ ತಾಗಿದ ಹಾಗೆ ಉರಿ, ಆಮೇಲೆ ದಳದಳ ನೀರು.

ಆಗ ನಮ್ಮ ರೋಣದಲ್ಲೇ ಒಂದು ಲಗ್ನ. ಹುಡುಗಿಯನ್ನು ಕೊಟ್ಟದ್ದು ಎಂಟು ಮನೆ ಆಚೆಗೆ. ತವರಿನವರು ಒಗ್ಗರಣೆ ಹಾಕಿದರೆ ಗಂಡನ ಮನೆಯವರು ಸೀನಬೇಕು, ಅಷ್ಟು ಹತ್ತಿರ. ಹಾಗಾಗಿ ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಯಾರ ಕಣ್ಣಲ್ಲೂ ಒಂದು ಹನಿ ಇಲ್ಲ. ಹಡೆದವ್ವ ನಗುತ್ತ ನಿಂತಿದ್ದಾಳೆ. ಕಂಬದ ಪಂಖ ನೇರ ನನ್ನ ಮುಖಕ್ಕೆ ಬೀಸುತ್ತಿದೆ, ನನ್ನ ಎರಡೂ ಕಣ್ಣು ಕಾಲುವೆ ಬಿಟ್ಟ ಹಾಗೆ ಹರಿಯುತ್ತಿವೆ.

ಹುಡುಗಿಯ ಅಜ್ಜಿ ನೋಡಿದಳು. “ಯಾರವಾ ಇಂವಾ? ಹಡದಾಕಿ ಹಲ್ಲ ಕಿಸದ ನಿಂತಾಳ, ಫೋಟೋದಾಂವ ಯಾಕ ಹಿಂಗ ಅಳಾಕತ್ತಾನ?”

ಇಡೀ ಮಂಟಪ ನನ್ನ ಕಡೆ ತಿರುಗಿತು. ಮದುಮಗನೂ ತಿರುಗಿದ. ಅವನ ಕಾಕಾ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದ: “ಏನ್ರಿ, ಹುಡುಗಿಗೂ ನಿಮಗೂ ಏನರ ಪರಿಚಯ?”

ಕಣ್ಣಿನ ತ್ರಾಸು ಅಂತ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. “ಇಂಥಾ ಚಲೋ ಹುಡುಗಿ ಹೊಂಟಾಳ, ಮನಿಯವರ ಕಣ್ಣಾಗ ಒಂದ ಹನಿ ಇಲ್ಲಲ್ರಿ. ಅವರ ಪಾಲಿಂದೂ ನಾನ ಅಳಾಕತ್ತೀನಿ” ಅಂದೆ.

ಅಜ್ಜಿಗೆ ನಾಚಿಕೆಯಾಯಿತು. ಫೋಟೋದವನ ಮುಂದೆ ಸೋಲುವುದೇ? “ಯವ್ವಾ ನನ್ನ ಕೂಸ” ಅಂತ ಶುರು ಮಾಡಿದಳು. ಹಿಂದೆಯೇ ಅವ್ವ, ಚಿಗವ್ವ, ಅತ್ತಿ, ಓಣಿಯ ಹೆಣ್ಣುಮಕ್ಕಳು. ಕೊನೆಗೆ ಯಾಕೆಂದು ಗೊತ್ತಿಲ್ಲದೆ ಮದುಮಗನೂ ಅತ್ತ. ಆ ಆಲ್ಬಮ್ ನೋಡಿದವರು ಇವತ್ತಿಗೂ ಕೇಳುತ್ತಾರಂತೆ: “ಪಾಪ, ಹುಡುಗೀನ ದುಬೈಕ್ಕ ಕೊಟ್ಟೀರೇನ್ರಿ?”

೨. ಮುಶಿಗೇರಿಯ ಅಜ್ಜಾರು

ನೀರು ಬಂದರೆ ನಗಬಹುದು. ಆದರೆ ಮುಂದೆ ಮುಂದೆ ಕಣ್ಣಿಗೆ ಮಸಕು ಶುರುವಾಯಿತು. ಬೆಳಿಗ್ಗೆ ಎದ್ದರೆ ಲೋಕಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಾಗೆ.

ಒಂದು ದಿನ ಮುಶಿಗೇರಿಯಿಂದ ಫೋನು. “ಅಜ್ಜಾರ ಫೋಟೋ ತಗೀಬೇಕು, ಲಗೂ ಬರ್ರಿ.” ಗಾಡಿ ಹತ್ತಿ ಹೋದೆ. ಎದುರುಗಾಳಿಗೆ ಕಣ್ಣು ಇನ್ನಷ್ಟು ಕೆಟ್ಟವು. ಒಳಗೆ ಹೋದರೆ ಅಜ್ಜಾರನ್ನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂಡಿಸಿ, ತಲೆಗೆ ಹೊಸ ಪಟಗ ಸುತ್ತಿ, ಹಣೆತುಂಬ ವಿಭೂತಿ ಹಚ್ಚಿ, ಇಷ್ಟು ದಪ್ಪ ಮಾಲೆ ಹಾಕಿದ್ದಾರೆ. ಮಕ್ಕಳು ಮೊಮ್ಮಕ್ಕಳು ಸುತ್ತಲೂ ಮೌನವಾಗಿ ನಿಂತಿದ್ದಾರೆ. ಭಜನೆಯವರು ಇನ್ನೂ ಬಂದಿರಲಿಲ್ಲ. ನಾನು, ಯಾವುದೋ ಸನ್ಮಾನ ಇರಬೇಕು ಅಂದುಕೊಂಡೆ.

ಕ್ಯಾಮೆರಾ ಎತ್ತಿದೆ. ಮಸಕಾದರೂ ಅಜ್ಜಾರ ಕಣ್ಣು ಮುಚ್ಚಿದ್ದು ಕಂಡಿತು. ಇಪ್ಪತ್ತೈದು ವರ್ಷದ ರೂಢಿ, ಮಾತು ತಾನೇ ಹೊರಗೆ ಬಂತು: “ಅಜ್ಜಾರ, ಕಣ್ಣ ಮುಚ್ಚಬ್ಯಾಡ್ರಿ. ಹಾಂ, ಸ್ವಲ್ಪ ನಗ್ರಿ.”

ಹಿರೇಮಗ ನನ್ನ ಕಿವಿಯ ಹತ್ತಿರ ಬಂದು, “ಅಪ್ಪಾರು ನಸುಕಿನಾಗ ಹೋಗ್ಯಾರ್ರಿ” ಅಂದ.

ಮುಶಿಗೇರಿಯ ನೆಲ ಬಾಯಿಬಿಟ್ಟಿದ್ದರೆ ಕ್ಯಾಮೆರಾ ಸಮೇತ ಇಳಿದುಬಿಡುತ್ತಿದ್ದೆ. ಮಗನ ಮುಖ ಸಿಟ್ಟಿಗೆ ಕೆಂಪಾಗುತ್ತಿತ್ತು. ಆಗ ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: “ಇರಲಿ ಬಿಡ್ರೋ, ಅವಗ್ಯಾಕ ಬೈತೀರಿ. ಅರವತ್ತ ವರ್ಷ ನಾ ಹೇಳಿದ್ರೂ ನಕ್ಕಾವರಲ್ಲ ಅವರು. ಈಗ ಇಂವಾ ಹೇಳಿದ್ರ ನಗ್ತಾರೇನ?”

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಸ್ಟುಡಿಯೋದಲ್ಲಿ ಆಲ್ಬಮ್ಮಿಗೆ ಫೋಟೋ ಆರಿಸುವವಳು ಅವಳೇ. ಅವಳು ‘ಬ್ಯಾಡ’ ಅಂದ ಫೋಟೋ ಮದುಮಗಳು ಅತ್ತರೂ ಒಳಗೆ ಹೋಗುವುದಿಲ್ಲ.

“ಹೋದ ತಿಂಗಳದ ಲಗ್ನದಾಗ ಮದುಮಕ್ಕಳು ಮಸಕ, ಹಿಂದಿನ ಬಾಳಿಗಿಡ ಸ್ಪಷ್ಟ. ಇವತ್ತ ಸತ್ತಾವರಿಗೆ ನಗ್ರಿ ಅಂದ್ರಿ. ಕೇಳ್ರಿಲ್ಲೆ. ಮೂರ ತಿಂಗಳಿಗೆ ಗಜೇಂದ್ರಗಡದ ದೊಡ್ಡ ಲಗ್ನ ಐತಿ. ಅದರ ಫೋಟೋನೂ ಹಿಂಗ ಬಂದ್ವು ಅಂದ್ರ ಕ್ಯಾಮೆರಾ ಮಾರೂದು, ನನ್ನ ತಮ್ಮನ ಅಂಗಡ್ಯಾಗ ಕೂಡೂದು.”

ಅವಳ ತಮ್ಮನದು ಬೆಳವಣಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಅಲ್ಲಿ ಕೂತರೆ ದಿನವಿಡೀ ಯೂರಿಯಾದ ವಾಸನೆ, ಅದರ ಮೇಲೆ ಅವನ ಉಪದೇಶ. ಎರಡರಲ್ಲಿ ಯೂರಿಯಾ ಮೇಲು. ಅವನಿಗೆ ಫೋನು ಹೋಯಿತು. ಅರ್ಧ ತಾಸಿನಲ್ಲಿ ಅವನಿಂದ ಒಂದು ಫೋಟೋ ಬಂತು: ಅಂಗಡಿಯ ರೊಕ್ಕದ ಗಲ್ಲೆಯ ಪಕ್ಕದಲ್ಲಿ ಹೊಸ ಪ್ಲಾಸ್ಟಿಕ್ ಕುರ್ಚಿ. ಕೆಳಗೆ ಬರೆದಿದ್ದ: “ಮಾಮಾ, ನಿಮ್ಮ ಸಲುವಾಗಿ ತಂದೀನಿ.”

ಆ ಫೋಟೋ ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು.

೩. ಸುರ್ಮಾ ಚಿಕಿತ್ಸೆ

ನಮ್ಮ ರೋಣದ ಬಜಾರದಲ್ಲಿ ಕಣ್ಣಿನ ಡಾಕ್ಟರಲ್ಲದವರು ಯಾರೂ ಇಲ್ಲ. ಕಟಿಂಗ್ ಅಂಗಡಿಯವನು ಔಡಲೆಣ್ಣೆ ಅಂದ. ಹಣ್ಣಿನವಳು ಜೇನುತುಪ್ಪ ಅಂದಳು. ಒಬ್ಬ, ಮುಂಜಾನೆ ಎದ್ದು ಉಗುಳು ಹಚ್ಚಿಕೊಳ್ಳಿ ಅಂದ; ಯಾರ ಉಗುಳು ಅಂತ ಕೇಳಿದ್ದಕ್ಕೆ ಸಿಟ್ಟಾಗಿ ಹೋದ.

ನನ್ನ ಆಲ್ಬಮ್ಮುಗಳಿಗೆ ಬೈಂಡಿಂಗ್ ಮಾಡುವ ದೋಸ್ತನೊಬ್ಬನಿದ್ದಾನೆ, ಸಾಬರವನು. ಇಪ್ಪತ್ತು ವರ್ಷದ ಸ್ನೇಹ. ಅವನು ಕಾಡಿಗೆಯಂಥ ಕಪ್ಪು ಪುಡಿಯ ಒಂದು ಸಣ್ಣ ಡಬ್ಬಿ ತಂದ. “ಸುರ್ಮಾ ಹಚ್ಚು, ಯಾರ್. ನಮ್ಮ ದಾದಿ, ಅಂದ್ರ ಅಪ್ಪನ ಅವ್ವ, ಕಡೀತನಕ ಇದನ್ನ ಹಚ್ಚಿದ್ಲು.”

“ಅಕಿ ಕಣ್ಣು ಹ್ಯಾಂಗಿದ್ವು?”

“ಅಕಿಗೆ ಕಡೀಕಡೀಗೆ ಎದುರಿನ ಗ್ವಾಡಿನೂ ಕಾಣ್ತಿದ್ದಿಲ್ಲ. ಆದ್ರ ನೋಡೋ ಮಂದಿಗೆ ಭಾಳ ಚಂದ ಇದ್ವು.”

ಆದರೂ ಹಚ್ಚಿಕೊಂಡೆ. ಉರಿ ಎರಡು ಪಟ್ಟಾಯಿತು, ನೀರು ನಾಲ್ಕು ಪಟ್ಟಾಯಿತು, ಕಣ್ಣಿನಿಂದ ಗದ್ದದ ತನಕ ಕಪ್ಪು ಹಳ್ಳ ಹರಿಯಿತು. ಅಷ್ಟರಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಒಬ್ಬ ರೈತ ಒಳಗೆ ಬಂದ. ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, “ನಾಟಕ ಐತೇನ್ರಿ ಇವತ್ತ?” ಅಂದ.

“ಹೌದು. ನಂದು ರಾವಣನ ಪಾರ್ಟು” ಅಂದೆ.

“ಹೌದೇನ್ರಿ? ನಾ ಮಂಡೋದರಿ ಅಂತ ತಿಳದಿದ್ದೆ.”

ಅವತ್ತು ಸಂಜೆ ದೋಸ್ತ ತಾನೇ ಬಂದು ಡಬ್ಬಿಯನ್ನು ಕಸಿದುಕೊಂಡ. “ಮಾಫ್ ಮಾಡು, ಯಾರ್. ನಾಳೆ ನರಗುಂದಕ್ಕ ಹೋಗೂಣು. ಕಣ್ಣಿನ ದವಾಖಾನಿ ಐತಿ. ಕಣ್ಣಿಗೆ ಡಾಕ್ಟರ ಬೇಕು, ದಾದಿ ಅಲ್ಲ.”

೪. ಕಣ್ಣಿನ ಟಿಕೇಟು

ನರಗುಂದದ ಕಣ್ಣಿನ ಡಾಕ್ಟರು ಒಬ್ಬ ಹೆಣ್ಣುಮಗಳು. ವಯಸ್ಸು ಸಣ್ಣದು, ಮಾತು ಖಡಕ್ಕು. ಎಲ್ಲರೂ ‘ಡಾಕ್ಟರ್ ಬಾಯಾರು’ ಅನ್ನುತ್ತಾರೆ. ಯಂತ್ರದಲ್ಲಿ ಗದ್ದ ಇಡಿಸಿ ಒಳಗೆಲ್ಲ ಬೆಳಕು ಬಿಟ್ಟು ನೋಡಿದರು, ಹಳದಿ ಬಣ್ಣ ಹಾಕಿ ನೋಡಿದರು. ಆಮೇಲೆ ಉರಿ ತಿಳಿಯದಂತೆ ಮರಗಟ್ಟಿಸುವ ಹನಿ ಹಾಕಿ, ಎರಡು ಸಣ್ಣ ಕಾಗದದ ಪಟ್ಟಿ ತೆಗೆದು ಒಂದೊಂದನ್ನು ಒಂದೊಂದು ಕಣ್ಣಿನ ಕೆಳರೆಪ್ಪೆಗೆ ಸಿಕ್ಕಿಸಿದರು. ಪಟ್ಟಿಯ ಮೇಲೆ ಸಣ್ಣ ಗೆರೆ, ಅಂಕಿ. ಐದು ನಿಮಿಷದಲ್ಲಿ ಎಷ್ಟು ಗೆರೆಯ ತನಕ ಒದ್ದೆಯಾಗುತ್ತದೋ ಕಣ್ಣಲ್ಲಿ ಅಷ್ಟು ಪಸೆ ಇದೆ ಅಂತ ಲೆಕ್ಕ.

“ಹೊರಗ ಬೆಂಚಿನ ಮ್ಯಾಲ ಸುಮ್ನ ಕೂಡ್ರಿ” ಅಂದರು. ಸುಮ್ಮನೆ ಕೂಡು ಅಂದದ್ದೇ ಅವರು ಮಾಡಿದ ತಪ್ಪು.

ಎರಡೂ ಕಣ್ಣಿಂದ ಕಾಗದ ಇಳಿಬಿಟ್ಟುಕೊಂಡು ಕೂತೆ. ಪಕ್ಕದ ಅಜ್ಜ ಬಗ್ಗಿ ನೋಡಿದ. “ಏನೋ ತಮ್ಮಾ ಅದು, ಕಣ್ಣಾಗ?”

“ಟಿಕೇಟ್ರಿ ಅಜ್ಜಾರ. ಇಲ್ಲಿ ಚೀಟಿ ಕೈಯಾಗ ಹಿಡದ್ರ ಒಳಗ ಬಿಡಂಗಿಲ್ಲ. ನೋಡ್ರಿ, ನಂಬರ್ ಸುದ್ದಾ ಹಾಕ್ಯಾರ.”

ಅಜ್ಜ ನಂಬರ್ ನೋಡಿದ. ನಂಬಿದ. “ನನಗ ಕೊಟ್ಟಿಲ್ಲಲ್ಲೋ. ನನ್ನ ಕಡೆ ಬಸ್ಸಿನ ಟಿಕೇಟ ಐತಿ.”

“ಅದೂ ನಡೀತೈತ್ರಿ. ಕಣ್ಣಾಗ ಹಾಕಬ್ಯಾಡ್ರಿ ಮತ್ತ, ಚಾಳೀಸದಾಗ ಸಿಗಿಸ್ರಿ ಸಾಕು.”

ಅಜ್ಜ ಚಾಳೀಸದ ಗಾಜಿನ ಹಿಂದೆ ಬಸ್ ಟಿಕೇಟು ಸಿಗಿಸಿಕೊಂಡ. ಅವನನ್ನು ನೋಡಿ ಆಚೆಯವನು, ಅವನನ್ನು ನೋಡಿ ಅವನ ಆಚೆಯವನು. ಕೊನೆಗೆ ಕೂತಿದ್ದ ಒಬ್ಬ ಅವ್ವನಿಗೆ ಚಿಂತೆ ಹತ್ತಿತು. “ಯಪ್ಪಾ, ನಂದು ಹೆಣ್ಣಮಕ್ಕಳ ಪುಕ್ಕಟೆ ಟಿಕೇಟು. ಇದು ನಡೀತೈತೇನ?”

“ನಡೀತೈತಿ ಯವ್ವಾ. ಆದ್ರ ಪುಕ್ಕಟೆದಕ್ಕ ಒಂದ ಕಣ್ಣು ನೋಡ್ತಾರ.”

ಅವಳು ಸ್ವಲ್ಪವೂ ವಿಚಲಿತಳಾಗಲಿಲ್ಲ. “ಹಂಗಾದ್ರ ಇವತ್ತ ಎಡದ್ದು ನೋಡ್ಲಿ. ಬಲದ್ದಕ್ಕ ಮುಂದಿನ ವಾರ ಮತ್ತ ಪುಕ್ಕಟೇನ ಬರ್ತೀನಿ.”

ಐದು ನಿಮಿಷ ಆದಮೇಲೆ ಡಾಕ್ಟರ್ ಬಾಯಾರು ಹೊರಗೆ ಬಂದರು. ಬೆಂಚಿನ ತುಂಬ ಜನ ಮುಖಕ್ಕೆ ಟಿಕೇಟು ಸಿಗಿಸಿಕೊಂಡು ಕೂತಿದ್ದಾರೆ. ಅವರು ನೇರ ನನ್ನ ಹತ್ತಿರ ಬಂದು ಎರಡೂ ಪಟ್ಟಿ ತೆಗೆದು ಬೆಳಕಿಗೆ ಹಿಡಿದರು.

“ಕಣ್ಣೀರು ಎರಡ ಗೆರಿ ಬಂದೈತ್ರಿ, ಭಾಳ ಕಡಿಮಿ. ಚ್ಯಾಷ್ಟಿ ಅಳತಿ ಮಾಡೂ ಪಟ್ಟಿ ಇನ್ನೂ ಯಾರೂ ಮಾಡಿಲ್ಲ. ಮಾಡಿದ್ರೂ ನಿಮಗ ಸಾಲೂದಿಲ್ಲ.”

೫. ಹೆಂಡತಿ ಡಾಕ್ಟರರನ್ನು ಪರೀಕ್ಷೆ ಮಾಡಿದ್ದು

ಮನೆಗೆ ಬಂದು ಹೇಳಿದೆ: “ನನ್ನ ಕಣ್ಣು ಒಣಗ್ಯಾವಂತ.”

ಹೇಳುವಾಗಲೇ ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು. ಹೆಂಡತಿ ಸೊಂಟದ ಮೇಲೆ ಕೈ ಇಟ್ಟಳು. “ಒಣಗಿದ್ದು ಯಾವುದ್ರಿ? ಈ ನೀರ ಹರಿಯೂವ?”

ಅವಳ ತಪ್ಪಿಲ್ಲ. ಹಿಂದೊಮ್ಮೆ ದೋಸ್ತನ ಕಡೆಯಿಂದ ಹೆಣ್ಣಿನ ದನಿಯಲ್ಲಿ ಫೋನು ಮಾಡಿಸಿ, ‘ಕರೆಂಟ್ ಆಫೀಸಿನವರು, ಇವತ್ತು ನಿಮ್ಮ ಫ್ರಿಜ್ ಮುಟ್ಟಬ್ಯಾಡ್ರಿ’ ಅಂತ ಹೇಳಿಸಿದ್ದೆ. ಇಡೀ ದಿನ ಅವಳು ಹಾಲಿಗಾಗಿ ಪಕ್ಕದ ಮನೆಗೆ ಅಲೆದಿದ್ದಳು. ಅಂಥವನು ನೀರು ಸುರಿಸುತ್ತ ‘ಒಣಗಿದೆ’ ಅಂದರೆ ಯಾರು ನಂಬುತ್ತಾರೆ? ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಿಗೆ ದೇವರು ಶಿಕ್ಷೆ ಕೊಡುವಾಗ, ನಂಬಲಿಕ್ಕೆ ಆಗದಂಥ ಖರೇ ಜಡ್ಡನ್ನೇ ಹುಡುಕಿ ಕೊಡುತ್ತಾನೆ.

ಹೆಂಡತಿ ದವಾಖಾನೆಯ ಚೀಟಿಯ ಮೇಲಿನ ನಂಬರಿಗೆ ವಿಡಿಯೋ ಕಾಲ್ ಮಾಡಿದಳು. ಡಾಕ್ಟರ್ ಬಾಯಾರ ಮುಖ ಬಂತು.

“ನೀವು ಖರೇನ ಡಾಕ್ಟರೇನ್ರಿ? ಇವರ ದೋಸ್ತರ ಪೈಕಿ ಅಲ್ಲಲ್ಲ?”

“ಡಾಕ್ಟರ್ರೀ ನಾನು.”

“ಹಂಗಾದ್ರ ಹಿಂದಿನ ಅಕ್ಷರದ ಬೋರ್ಡ್ ತೋರಿಸ್ರಿ.”

ಪಾಪ, ತೋರಿಸಿದರು. ಹೆಂಡತಿ ಮೇಲಿನಿಂದ ಕೆಳಗಿನ ಸಾಲಿನ ತನಕ ಫೋನಿನಲ್ಲೇ ಓದಿ ಮುಗಿಸಿದಳು. “ನಿಮ್ಮ ಕಣ್ಣು ಭಾಳ ಚಲೋ ಅದಾವ್ರಿ” ಅಂದರು ಡಾಕ್ಟರ್ ಬಾಯಾರು. ಅಲ್ಲಿಂದ ಇಬ್ಬರೂ ಗೆಳತಿಯರಾದರು. ನಾನು ಅಲ್ಲೇ ನಿಂತಿದ್ದೆ, ಯಾರಿಗೂ ಬೇಕಾಗಿರಲಿಲ್ಲ.

ಹೆಂಡತಿ ಕೇಳಿದಳು, “ನೀರ ಬರ್ತಾವು, ಒಣಗ್ಯಾವು ಅಂತೀರಿ. ಇದ ಹ್ಯಾಂಗ್ರಿ?”

“ಎರಿ ಹೊಲದಾಗ ಒಮ್ಮಿಗಲೆ ಜೋರ ಮಳಿ ಬಂದು ಹರಕೊಂಡ ಹೋತು ಅಂದ್ರ ಹಸಿ ನಿಲ್ತೈತೇನ್ರಿ? ಇವರ ಕಣ್ಣೂ ಹಂಗ. ರೆಪ್ಪಿ ಅಂಚಿನಾಗ ಎಣ್ಣಿ ಬಿಡೂ ಗ್ರಂಥಿ ಇರ್ತಾವು, ಅವು ಕಟಗೊಂಡಾವು. ಎಣ್ಣಿ ಇಲ್ಲಂದ್ರ ಪಸಿ ನಿಲ್ಲಂಗಿಲ್ಲ. ಒಣಗಿದ ಕಣ್ಣು ಉರಿ ತಡೀಲಾರದ ಒಮ್ಮಿಗಲೆ ನೀರ ಸುರಸ್ತೈತಿ, ಅದು ಹರದ ಹೋಗ್ತೈತಿ.”

ಹೆಂಡತಿ ಒಕ್ಕಲುತನದ ಮನೆಯವಳು. ಕೂಡಲೇ ತಿಳಿಯಿತು. “ಹಂಗಾದ್ರ ಬದು ಹಾಕಬೇಕಲ್ರಿ!”

“ಖರೇ ಹೇಳಿದ್ರಿ. ನೀರ ಹೋಗೂ ತೂತಿಗೆ ಸಣ್ಣ ಬಿರಡಿ ಹಾಕೂದೂ ಐತಿ. ಅದರ ಜರೂರ ಬಿದ್ರ ಮುಂದ ನೋಡೂಣು. ಮೊದ್ಲ ಬಿಸಿ ಅರಿಬಿ ಕಾಸೂದು, ರೆಪ್ಪಿ ಒರಸೂದು, ದಿನಾ ಹನಿ ಹಾಕೂದು, ಕಂಪ್ಯೂಟರ್ ಮುಂದ ಕುಂತಾಗ ಎಚ್ಚರಿಟ್ಟು ಕಣ್ಣ ಮುಚ್ಚಿ ತಗಿಯೂದು. ಎಂಟ ದಿನಕ್ಕ ಹೋಗೂ ಜಡ್ಡಲ್ಲ ಇದು. ಬಿ.ಪಿ. ಇದ್ದಂಗ, ಕಡೀತನಕ ಕಾಳಜಿ ಬೇಕು.”

“ಮತ್ತ ಇವರ ಸುಳ್ಳಿಗೆ?”

“ಅದೂ ಬಿ.ಪಿ. ಇದ್ದಂಗ್ರಿ” ಅಂದು ಫೋನು ಇಟ್ಟರು.

೬. ಸೂಡಿಯ ಗುರುಗಳು

ಹೀಗೆ, ಜನ್ಮಪೂರ್ತಿ ಮಂದಿಗೆ ‘ಕಣ್ಣ ಮುಚ್ಚಬ್ಯಾಡ್ರಿ’ ಅಂತ ಬೈದವನಿಗೆ ‘ಕಣ್ಣ ಮುಚ್ಚರಿ’ ಅನ್ನುವ ಔಷಧ ಬಂತ್ರಿ. ಮೆಲ್ಲಗೆ ಮುಚ್ಚಬೇಕು, ಎರಡು ಎಣಿಸಬೇಕು, ಒಮ್ಮೆ ಬಿಗಿಯಾಗಿ ಒತ್ತಬೇಕು, ತೆಗೆಯಬೇಕು.

ಸೂಡಿಯಿಂದ ಒಬ್ಬ ಹಿರಿಯ ಶಾಲಾ ಗುರುಗಳು ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದರು. ನಾನು ಕ್ಯಾಮೆರಾ ಸರಿಮಾಡಿ, ವ್ಯಾಯಾಮದ ಹೊತ್ತಾಯಿತೆಂದು ಕಣ್ಣು ಮುಚ್ಚಿ ಎಣಿಸಿ, ತೆಗೆದು, ಬಟನ್ ಒತ್ತಿದೆ. ಫೋಟೋದಲ್ಲಿ ಗುರುಗಳ ಕಣ್ಣು ಮುಚ್ಚಿವೆ. ಇನ್ನೊಂದು ಹೊಡೆದೆ, ಮುಚ್ಚಿವೆ. ಏಳು ಫೋಟೋ ಆದವು, ಏಳರಲ್ಲೂ ಗುರುಗಳು ಸಮಾಧಿಗೆ ಹೋಗಿದ್ದಾರೆ.

“ಗುರುಗಳ, ನೀವ್ಯಾಕ ಕಣ್ಣ ಮುಚ್ಚತೀರಿ?”

“ನೀವು ಮುಚ್ಚಿದ್ರಲ್ಲ! ಪ್ರಾರ್ಥನಾ ಶುರುವಾತು ಅಂತ ತಿಳದೆ. ಸಾಲ್ಯಾಗ ಮೂವತ್ತ ವರ್ಷ ಎದರಿನವರು ಕಣ್ಣ ಮುಚ್ಚಿದ್ರ ನಾವೂ ಮುಚ್ಚಿ ರೂಢಿ ನಮಗ.”

ಎಂಟನೆಯ ಸಲ ನಾನು ಉಪಾಯ ಮಾಡಿದೆ. ಇಬ್ಬರೂ ಕೂಡಿಯೇ ಕಣ್ಣು ಮುಚ್ಚಿದೆವು. “ಪ್ರಾರ್ಥನಾ ಮುಗೀತು!” ಅಂದೆ. ಗುರುಗಳ ಕಣ್ಣು ಹುಣ್ಣಿಮೆಯ ಚಂದ್ರನ ಹಾಗೆ ಅಗಲವಾಗಿ ತೆರೆದವು. ಅದೇ ಹೊತ್ತಿಗೆ ಅವರ ಬಾಯಿಯಿಂದ ರೂಢಿಯ ಮಾತೂ ಬಂತು, ಗಟ್ಟಿಯಾಗಿ: “ಎಲ್ಲಾರೂ ಕೂಡ್ರಿ!”

ನಾನು ಗಪ್ಪನೆ ಕೂತುಬಿಟ್ಟೆ. ಆ ಫೋಟೋದಲ್ಲಿ ಗುರುಗಳ ಮುಖ ಇಲ್ಲ. ಕಾಲು ಬಹಳ ಚಂದ ಬಂದಿವೆ.

೭. ಹಿಂದಿನ ಸಾಲು

ಮೂರು ತಿಂಗಳು ನಾನು ಡಾಕ್ಟರ್ ಬಾಯಾರು ಹೇಳಿದ್ದನ್ನೆಲ್ಲ ಮಾಡಿದೆ. ಇದು ಖರೇ, ಬೇಕಾದರೆ ಹೆಂಡತಿಯನ್ನು ಕೇಳಿ. ಬಿಸಿ ಅರಿವೆಯನ್ನು ಕಣ್ಣಿಗೆ ಒತ್ತುತ್ತಿದ್ದವಳು ಅವಳೇ, ಹಳೆಯ ಸಿಟ್ಟನ್ನೆಲ್ಲ ಸೇರಿಸಿ. ಉಸುಕು ಚುಚ್ಚುವುದು ನಿಂತಿತು. ಮಸಕು ಹೋಯಿತು. ಗಾಳಿಗೆ ನಿಂತರೆ ಮಾತ್ರ ಉರಿ ಬರುತ್ತಿತ್ತು, ಹನಿ ಹಾಕಿಕೊಂಡು ಒಂದು ನಿಮಿಷ ಕಣ್ಣು ಮುಚ್ಚಿದರೆ ಇಳಿಯುತ್ತಿತ್ತು.

ಗಜೇಂದ್ರಗಡದ ಲಗ್ನ ಬಂತು. ಆ ಊರಿಗೆ ಗಾಳಿಯ ಬರ ಎಂದೂ ಇಲ್ಲ. ಗುಡ್ಡದ ಮೇಲೆ ಕರೆಂಟು ಮಾಡುವ ದೊಡ್ಡ ದೊಡ್ಡ ಪಂಖಗಳು ಗರಗರ ತಿರುಗುತ್ತಿದ್ದವು. ನನ್ನ ಎದೆಯೊಳಗೂ ಒಂದು ತಿರುಗುತ್ತಿತ್ತು.

ಹೆಂಡತಿಯ ತಮ್ಮನೂ ಲಗ್ನಕ್ಕೆ ಬಂದಿದ್ದ. ಬೀಜ ಮಾರಿದ ಮನೆಗಳ ಊಟ ಅವನು ಬಿಡುವುದಿಲ್ಲ. ಸಿಕ್ಕವರಿಗೆಲ್ಲ, “ಇದ ಮಾಮಾರ ಕಡೀ ಲಗ್ನ, ಇನ್ನ ನಮ್ಮ ಅಂಗಡ್ಯಾಗ ಕೂಡ್ತಾರ” ಅಂತ ಸಾರುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟುವುದಿಲ್ಲ ಅಂತ ಅಕ್ಕನ ಮುಂದೆ ಆಣೆ ಮಾಡಿದ್ದಾನೆ. ಅಕ್ಕನಿಗೆ ಗಂಡನ ಮಾತಿನ ಮೇಲೆ ಎಷ್ಟು ಅಪನಂಬಿಕೆಯೋ, ತಮ್ಮನ ಆಣೆಯ ಮೇಲೆ ಅಷ್ಟು ನಂಬಿಕೆ.

ತಾಳಿ ಕಟ್ಟಿದ್ದು, ಅಕ್ಕಿಕಾಳು ಹಾಕಿದ್ದು ಎಲ್ಲ ಚೆನ್ನಾಗಿಯೇ ಬಂತು. ಉಳಿದದ್ದು ಎರಡೂ ಮನೆಯವರ ದೊಡ್ಡ ಗ್ರೂಪ್ ಫೋಟೋ. ಅರವತ್ತು ಮಂದಿ ಸ್ಟೇಜಿನ ಮೇಲೆ ನಾಲ್ಕು ಸಾಲು ನಿಂತರು. ಹಿಂದಿನ ಸಾಲಿನ ಬೆನ್ನಿಗೆ ಒಂದು ಟೇಬಲ್, ಅದರ ಮೇಲೆ ಬೀಗರಿಗೆ ಕೊಡುವ ಬೂಂದಿ ಲಾಡಿನ ಬುಟ್ಟಿಗಳು. ಸಂಬಂಧವಿಲ್ಲದಿದ್ದರೂ ಹೆಂಡತಿಯ ತಮ್ಮ ಹಿಂದಿನ ಸಾಲಿನಲ್ಲಿ ಹೋಗಿ ನಿಂತ.

ನಾನು ಕ್ಯಾಮೆರಾ ಎತ್ತಿದೆ. ಅಷ್ಟು ಹೊತ್ತು ತಡೆದಿದ್ದ ಕಣ್ಣು ಆಗಲೇ ಉರಿಯಬೇಕೇ? ಅರವತ್ತು ಮಂದಿ ಕರಗಿ ಒಂದೇ ಮುದ್ದೆಯಾದರು. ಹನಿ ಹಾಕಿಕೊಂಡು ಒಂದು ನಿಮಿಷ ಕಣ್ಣು ಮುಚ್ಚಿ ನಿಂತೆನೋ ಮುಗಿಯಿತು. ನಮ್ಮ ಕಡೆ ಲಗ್ನದಲ್ಲಿ ‘ಎಲಿ ಹಾಕ್ಯಾರ’ ಅನ್ನುವ ಮಾತು ಒಮ್ಮೆ ಕಿವಿಗೆ ಬಿದ್ದರೆ ಗ್ರೂಪ್ ಫೋಟೋ ಅನ್ನುವುದು ಆ ಜನ್ಮದಲ್ಲಿ ಮತ್ತೆ ಆಗುವುದಿಲ್ಲ. ಮಸಕಿನಲ್ಲೇ ಹೊಡೆದರೆ ಬೆಳವಣಕಿಯ ಪ್ಲಾಸ್ಟಿಕ್ ಕುರ್ಚಿ.

ಬಾಯಿ ತಾನೇ ತೆರೆಯಿತು: “ಎಲ್ಲಾರೂ ಕಣ್ಣ ಮುಚ್ಚರಿ! ಮದಮಕ್ಕಳಿಗೆ ಮನಸಿನಾಗ ಆಶೀರ್ವಾದ ಮಾಡ್ರಿ. ನಾ ಮೂರು ಅಂದಾಗ ಒಮ್ಮಿಗಲೆ ತಗೀರಿ. ನಡಬರಕ ತಗದವರಿಗೆ ಆಶೀರ್ವಾದ ಮಾಡಿದ ಪುಣ್ಯೇ ಇಲ್ಲ!”

ಅರವತ್ತು ಮಂದಿ ಮುಚ್ಚಿದರು. ಬ್ಯಾಂಡಿನವರು ಏನೋ ಆಯಿತೆಂದು ಊದುವುದನ್ನೂ ನಿಲ್ಲಿಸಿದರು. ನಾನು ಕಿಸೆಯಿಂದ ಹನಿಯ ಶೀಸೆ ತೆಗೆದು ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಂಡು, ಮುಖ ಮೇಲೆ ಮಾಡಿ, ನಾನೂ ಮುಚ್ಚಿದೆ. ಪೂರಾ ಒಂದು ನಿಮಿಷ ಆ ಮಂಟಪದಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಕಣ್ಣು ತೆಗೆದರೆ ಲೋಕ ತೊಳೆದಿಟ್ಟ ಹಾಗಿತ್ತು. “ಒಂದ! ಎರಡ! ಮೂರ!”

ಮರುದಿನ ಸ್ಟುಡಿಯೋದಲ್ಲಿ ತೀರ್ಪು. ಕಂಪ್ಯೂಟರ್ ಮುಂದೆ ಹೆಂಡತಿ, ಅವಳ ಪಕ್ಕದಲ್ಲಿ ಕರೆಯದೆ ಬಂದ ತಮ್ಮ, ಹಿಂದೆ ಅಪರಾಧಿಯ ಹಾಗೆ ನಾನು. ಒಂದೊಂದೇ ಫೋಟೋ ಸರಿಯಿತು. ಹೆಂಡತಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಚಲೋ ಇದೆ ಅಂತ ಅರ್ಥ. ಗ್ರೂಪ್ ಫೋಟೋ ಬಂದಾಗ ಮಾತ್ರ, “ಅಯ್ಯ!” ಅಂದಳು. ಅರವತ್ತು ಮಂದಿ, ನೂರಿಪ್ಪತ್ತು ಕಣ್ಣು, ಒಂದೂ ಮುಚ್ಚಿಲ್ಲ. ನನ್ನ ಜೀವನದಲ್ಲಿ ಅಂಥದ್ದು ಅದೇ ಮೊದಲು.

ತಮ್ಮ ಕೂಡಲೇ ಎದ್ದ. “ಅಕ್ಕಾ, ಮುಂದಿನ ಸಾಲ ಏನೋ ಬಂದೈತಿ. ಹಿಂದಿನ ಸಾಲ ಪೂರಾ ಮಸಕ. ಏನೂ ಕಾಣೂದಿಲ್ಲ. ಕ್ಯಾಮೆರಾ ಮಾರಿಬಿಡೂದು ಚಲೋ.”

“ಹಿಂದಿನ ಸಾಲ ಮಸಕ ಐತೇನು?” ಅಂದೆ ನಾನು. “ದೊಡ್ಡದ ಮಾಡಿ ನೋಡೂಣಲ್ಲ.”

“ಬ್ಯಾಡ್ರಿ ಮಾಮಾ, ಸುಮ್ನ ತ್ರಾಸ ಯಾಕ?”

ಅವನು ಬೇಡ ಅಂದದ್ದೇ ತಡ, ಹೆಂಡತಿ ತಾನೇ ಮೌಸ್ ಹಿಡಿದು ಹಿಂದಿನ ಸಾಲನ್ನು ದೊಡ್ಡದು ಮಾಡಿದಳು. ಇಡೀ ಪರದೆಯ ತುಂಬ ಅವನ ಮುಖ ಬಂತು. ಎರಡೂ ಗಲ್ಲ ಚಂಡಿನ ಹಾಗೆ ಉಬ್ಬಿವೆ. ಕೈಯಲ್ಲಿ ಅರ್ಧ ಲಾಡು.

“ಏನೋ ಇದು?”

“ಅದು ಮಸಕ, ಅಕ್ಕಾ. ಕ್ಯಾಮೆರಾದ ದೋಷ.”

ಹೆಂಡತಿ ಇನ್ನೂ ದೊಡ್ಡದು ಮಾಡಿದಳು. ಪರದೆಯ ಮೇಲೆ ಬೆರಳು ಇಟ್ಟು ಎಣಿಸಿದಳು. “ಮೀಸಿಗೆ ಒಂದ ಬೂಂದಿ, ಎರಡ ಬೂಂದಿ, ಮೂರ… ಏಳ ಬೂಂದಿ. ಇದು ದ್ರಾಕ್ಷಿ. ಇಲ್ಲೊಂದ ಲವಂಗ. ಲವಂಗದ ತಲಿ ಮ್ಯಾಲಿನ ಮೊಗ್ಗ ಸುದ್ದಾ ಕಾಣಾಕತ್ತೇತಿ. ಇದ ಮಸಕ ಅಂತೀ?”

ಪಾಪ, ಅವನ ಪರಿಸ್ಥಿತಿ ನೋಡಿ. ಫೋಟೋ ಸ್ಪಷ್ಟ ಇದೆ ಅಂದರೆ ಲಾಡು ತಿಂದದ್ದು ಖರೇ. ಮಸಕು ಅನ್ನೋಣವೆಂದರೆ ಅಕ್ಕ ಬೂಂದಿ ಎಣಿಸಿಬಿಟ್ಟಿದ್ದಾಳೆ. ಬಾಯಿ ತೆರೆದ, ಮುಚ್ಚಿದ, ತೆರೆದ. ಡಾಕ್ಟರ್ ಬಾಯಾರು ಕಣ್ಣಿಗೆ ಹೇಳಿದ ವ್ಯಾಯಾಮವನ್ನು ಅವನು ಬಾಯಿಗೆ ಮಾಡುತ್ತಿದ್ದ.

ತೀರ್ಪು ಬಂತು. “ಕ್ಯಾಮೆರಾ ಮಾರೂದಿಲ್ಲ. ನೀ ನಾಳೆ ಮುಂಜಾನೆ ರಕ್ತ ತಪಾಸಣಿಗೆ ನಡಿ. ಇನ್ನ ಮ್ಯಾಲೆ ನೀ ಹೋದ ಲಗ್ನದಾಗೆಲ್ಲಾ ಇವರು ನಿನ್ನ ಫೋಟೋ ಒಂದ ಹೆಚ್ಚಿಗಿ ತಗೀತಾರ.” ಅಷ್ಟು ಹೇಳಿ ಒಳಗೆ ಹೋದಳು. ಲಗ್ನವಾದ ಇಪ್ಪತ್ತು ವರ್ಷದಲ್ಲಿ ನನ್ನ ಪರವಾಗಿ ಬಂದ ಮೊದಲ ತೀರ್ಪು ಅದು, ಅದೂ ಲವಂಗದ ಸಾಕ್ಷಿಯ ಮೇಲೆ.

ಅವಳು ಹೋದದ್ದನ್ನು ನೋಡಿಕೊಂಡು ತಮ್ಮ ನನ್ನ ಹತ್ತಿರ ಸರಿದ. “ಮಾಮಾ, ಆಲ್ಬಮ್ಮಿಗೆ ಹಾಕೂಮುಂದ ಹಿಂದಿನ ಸಾಲ ಸ್ವಲ್ಪ ಮಸಕ ಮಾಡಾಕ ಬರ್ತೈತೇನ್ರಿ?”

“ಬರ್ತೈತಿ ತಮ್ಮಾ” ಅಂದೆ. “ಆದ್ರ ಅದಕ್ಕ ಭಾಳ ಹೊತ್ತ ಕಂಪ್ಯೂಟರ್ ಮುಂದ ಕೂಡಬೇಕು. ಡಾಕ್ಟರ ಬ್ಯಾಡ ಅಂದಾರ.”

ಈ ಚಹಾದಂಗಡಿಯಲ್ಲಿ ಕೂತು ಇಷ್ಟು ಕೇಳಿದಿರಲ್ಲ, ಈಗ ನನ್ನ ಹನಿಯ ಹೊತ್ತಾಯಿತು. ಹಾಕಿಕೊಂಡು ಒಂದು ನಿಮಿಷ ಕಣ್ಣು ಮುಚ್ಚಿರುತ್ತೇನೆ, ಡಾಕ್ಟರರ ಮಾತು ಮೀರಬಾರದು. ಅಷ್ಟರಲ್ಲಿ ನನ್ನ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ. ಕಣ್ಣಾರೆ ನೋಡಿದರೆ ನನಗೂ ಸಂಕೋಚ ಆಗುತ್ತದೆ, ನೋಡ್ರಿ.